ಸುಮ್ನೆ ಮನೇಲಿವ್ನಿ

ನಮ್ಮ ಕಡೆಯವರಿಗೆ ತಮ್ಮ ಬಗ್ಗೆ ತಾವು ಹೇಳಿಕೊಳ್ಳೋಕೆ ಬರಲ್ಲ, ಸಂಕೋಚದ ಜನ ಅಂತ ಯಾರಾದರೂ ಅಂದರೆ ಅವರನ್ನು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿಸಿ ಒಂದು ಸುತ್ತು ಕಣ್ಣಾಡಿಸಿ ಅನ್ನಿ. ಯುವ ನಾಯಕರು, ಸಮಾಜ ಸೇವಕರು, ಕೊಡುಗೈ ದಾನಿಗಳು, ಬಡವರ ಬಂಧುಗಳು ಎಲ್ಲರೂ ಕರೆಂಟ್ ಕಂಬಕ್ಕೆ ಕಟ್ಟಿಸಿಕೊಂಡು ಕೈ ಮುಗಿದು ನಿಂತಿರುತ್ತಾರೆ. ಒಬ್ಬರು ಕಪ್ಪು ಕನ್ನಡಕ ಹಾಕಿಕೊಂಡು ಕಿವಿಗೆ ಫೋನ್ ಹಿಡಿದಿದ್ದಾರೆ, ಕ್ಯಾಮೆರಾ ಕ್ಲಿಕ್ಕಿಸುವ ಹೊತ್ತಿಗೇ ಯಾರೋ ಬಡವರು ಫೋನ್ ಮಾಡಿಬಿಟ್ಟರು ಅನ್ನೋ ಹಾಗೆ. ಕೆಳಗಡೆ ಸ್ಟಾಂಪ್ ಸೈಜಿನಲ್ಲಿ ಶುಭ ಕೋರುವವರು ಎರಡು ಸಾಲು.

ಲಿಂಕ್ಡ್‌ಇನ್ ಅಂತ ಒಂದಿದೆಯಲ್ಲ, ಅದು ಈ ಫ್ಲೆಕ್ಸಿನ ಇಂಗ್ಲಿಷ್ ಮೀಡಿಯಂ ತಮ್ಮ. ಅಲ್ಲೂ ಫೋಟೊ, ಅಲ್ಲೂ ಬಿರುದು, ಅಲ್ಲೂ ಶುಭ ಕೋರುವವರು. ಕೈ ಮುಗಿಯುವ ಬದಲು ಕೈ ಕಟ್ಟಿಕೊಂಡು ನಿಲ್ಲಬೇಕು, ಅಷ್ಟೇ. ಇನ್ನೊಂದು ಹೋಲಿಕೆಯನ್ನೂ ಹೇಳಿಬಿಡುತ್ತೇನೆ. ಫ್ಲೆಕ್ಸಿನಲ್ಲಿ ಹೆಂಗಸರು ಕಾಣಿಸುವುದು ಪಂಚಾಯ್ತಿ ಸೀಟು ಮಹಿಳಾ ಮೀಸಲು ಆದಾಗ. ಆಗಲೂ ಪಕ್ಕದಲ್ಲಿ ಯಜಮಾನರ ಫೋಟೊ ಒಂದಿಂಚು ದೊಡ್ಡದೇ ಇರುತ್ತದೆ. ಲಿಂಕ್ಡ್‌ಇನ್‌ನಲ್ಲೂ ನಮ್ಮೂರ ಹೆಣ್ಣುಮಕ್ಕಳನ್ನು ಹುಡುಕಿ ನೋಡಿ. ಹುಡುಕಿ ಸುಸ್ತಾಗಿ ಕಾಫಿ ಕುಡಿಯಿರಿ, ಆಮೇಲೆ ಮುಂದಿನದು ಓದಿ.

ನಮ್ಮಕ್ಕನ ಮಗಳನ್ನು ಅಂತರಸಂತೆಗೆ ಕೊಟ್ಟಿದೆ. ಬಿ.ಕಾಂ ಓದಿದವಳು. ಮದುವೆಯಾಯಿತು, ಮಕ್ಕಳಾದವು, ಈಗ ಮಕ್ಕಳು ತಮ್ಮ ತಲೆ ತಾವೇ ಬಾಚಿಕೊಂಡು ಸ್ಕೂಲಿಗೆ ಹೋಗುವಷ್ಟಾದವು. ಕಬಿನಿ ಹಿನ್ನೀರಿನ ಸುತ್ತ ಕಾರಾಪುರದ ಕಡೆ ರೆಸಾರ್ಟುಗಳಿವೆ, ಕೋಟೆ, ಸರಗೂರಿನಲ್ಲಿ ಸೇವಾ ಸಂಸ್ಥೆಗಳಿವೆ, ಲೆಕ್ಕ ಬರೆಯೋಕೆ ಜನ ಬೇಕು ಅಂತ ಆಗಾಗ ಕರೆಯುತ್ತಾರೆ. ಅರ್ಜಿ ಹಾಕೋಣ ಅಂದರೆ 'ಪ್ರೊಫೈಲ್ ಲಿಂಕ್ ಕಳಿಸಿ' ಅನ್ನುತ್ತಾರೆ. ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವಳ ತಮ್ಮ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಬಂದ. ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಪೊಲೀಸ್ ಸ್ಟೇಷನ್ನಿನ ಹಾಗೆ ಶುರುಮಾಡಿದ.

'ಮದುವೆ ಆದಾಗಿಂದ ಏನೇನ್ ಮಾಡ್ದೆ ಹೇಳಕ್ಕ.'

'ಏನಿಲ್ಲ ಕನ್ಲಾ. ಸುಮ್ನೆ ಮನೇಲಿವ್ನಿ.'

ಈ ಮಾತು ಹೇಳುವಾಗ ಅವಳ ತೊಡೆ ಮೇಲೆ ಉದ್ದನೆಯದೊಂದು ಪುಸ್ತಕ, ಕಿವಿಯಲ್ಲಿ ಪೆನ್ನು. ನಾನು ಸುಮ್ಮನಿರಲಾರದೆ ಕೇಳಿದೆ, 'ಅದೇನ್ ಪುಸ್ತಕ ಕೂಸೆ?'

'ಸಂಘದ್ದು ಮಾವ. ನಗದು ಪುಸ್ತಕ. ಈ ವಾರ ನಲವತ್ತು ರೂಪಾಯಿ ತಾಳೆನೇ ಆಯ್ತಿಲ್ಲ.'

'ಯಾರು ಬರೆಯೋದು?'

'ಇನ್ಯಾರು ಬರೀತಾರೆ, ನಾನೇಯ.'

'ಯಾವಾಗಿಂದ?'

'ದೊಡ್ಡೋನು ಹೊಟ್ಟೇಲಿದ್ದಾಗಿಂದ.'

ದೊಡ್ಡವನು ಈಗ ಹೈಸ್ಕೂಲು! ತಮ್ಮ ಟೈಪ್ ಮಾಡುವುದು ನಿಲ್ಲಿಸಿ ಅಕ್ಕನ ಮುಖ ನೋಡಿದ. ಅವಳಿಗೆ ಅದರ ಪರಿವೆಯೇ ಇಲ್ಲ. ಹಾಳೆ ಹಿಂದಕ್ಕೆ ತಿರುವಿದಳು, ಹಾಜರಾತಿ ಪುಸ್ತಕ ತೆಗೆದಳು, ಬೆರಳಿಟ್ಟುಕೊಂಡು ಕೆಳಗಿಳಿದಳು. 'ಹಾ, ಸಿಕ್ತು. ನಾಕು ಜನ ತಡವಾಗಿ ಬಂದಿದ್ಕೆ ಹತ್ತತ್ತು ರೂಪಾಯಿ ದಂಡ ಕಟ್ಟವ್ರೆ, ಎತ್ತಿ ಬರ್ದಿಲ್ಲ.' ಬರೆದಳು. ತಾಳೆಯಾಯಿತು. ಮೈಸೂರಿನ ಆಫೀಸುಗಳಲ್ಲಿ ಇದೇ ಕೆಲಸಕ್ಕೆ ಎ.ಸಿ. ರೂಮು, ತಿಂಗಳ ಕೊನೆಗೆ ಮೀಟಿಂಗು, ಮೀಟಿಂಗಿಗೆ ಬಿಸ್ಕೆಟ್ಟು. ನಮ್ಮ ಹುಡುಗಿಯ ಭಾಷೆಯಲ್ಲಿ ಇದರ ಹೆಸರು ಸುಮ್ನೆ ಮನೇಲಿರೋದು.

ಆಮೇಲೆ ಒಂದೊಂದಾಗಿ ಹೊರಬಿತ್ತು. ಶಾಲೆಯ ಎಸ್‌ಡಿಎಂಸಿ ಸದಸ್ಯೆ. ಪೋಲಿಯೊ ಭಾನುವಾರ ಆಶಾ ಕಾರ್ಯಕರ್ತೆ ಜೊತೆ ಮನೆ ಮನೆ ಸುತ್ತುವುದು. 2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಬಂದಾಗ ಅರ್ಧ ಬೀದಿಯವರ ಆಧಾರು, ರೇಷನ್ ಕಾರ್ಡು, ಪಾಸ್‌ಬುಕ್ಕು ಜೋಡಿಸಿ ಕಳಿಸಿದವಳು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಜಗಲಿಯ ಮೇಲೆ ತನ್ನ ಎರಡು ಮಕ್ಕಳ ಜೊತೆ ಅಕ್ಕಪಕ್ಕದವನ್ನೂ ಕೂರಿಸಿಕೊಂಡು ದಿನಾ ಪಾಠ.

'ಅಲ್ವೇ, ಪಾಠ ಮಾಡಿದ್ದನ್ನ ಯಾಕೆ ಹೇಳಲಿಲ್ಲ?' ಅಂದೆ.

'ಅದೇನ್ ಪಾಠ ಮಾವ? ಐಕ್ಳು ಕಾಟ ಕೊಡ್ತಿದ್ವು, ಕೂರಿಸ್ಕಂಡೆ.'

ಇಷ್ಟೆಲ್ಲ ಆದಮೇಲೆ ತಮ್ಮನಿಗೆ ಹುರುಪು ಬಂತು ನೋಡಿ. ಅರ್ಧ ಗಂಟೆಯಲ್ಲಿ ಪ್ರೊಫೈಲ್ ರೆಡಿ. 'ಫೌಂಡರ್ ಅಂಡ್ ಡೈರೆಕ್ಟರ್, ಜಗಲಿ ಲರ್ನಿಂಗ್ ಅಕಾಡೆಮಿ. ರೂರಲ್ ಫೈನಾನ್ಸ್ ಸ್ಟ್ರಾಟಜಿಸ್ಟ್. ಚೇಂಜ್‌ಮೇಕರ್. ವಿಷನರಿ.' ಅವನು ಒಂದೊಂದೇ ಪದಕ್ಕೆ ಕನ್ನಡದಲ್ಲಿ ಅರ್ಥ ಹೇಳುತ್ತಾ ಹೋದ ಹಾಗೆ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಬೀಗಿತ್ತಿ ಕೈ ನಿಲ್ಲಿಸಿದರು. 'ಇದ್ಯಾರಪ್ಪ ಇವ್ಳು? ನಮ್ಮನೆ ಸೊಸೆ ಅಲ್ವೇ ಅಲ್ಲ ಬುಡು. ಬೇರೆ ಯಾರ್ದೋ ಕಾಗ್ದ ತಂದಿದ್ದೀಯ.'

ಬೀಗಿತ್ತಿ ಹೇಳಿದ್ದು ನಗೆಯಾಡುವ ಮಾತಲ್ಲ. ಕೆಲಸಕ್ಕೆ ಕರೆಯುವವರೂ ಇದನ್ನೇ ಅನ್ನುತ್ತಾರೆ, ಮನಸ್ಸಿನಲ್ಲಿ. ಜಗಲಿಯ ಮೇಲಿನ ಎಂಟು ಮಕ್ಕಳಿಗೆ ಡೈರೆಕ್ಟರ್ ಆದವರು ಎದುರಿಗೆ ಬಂದು ಕೂತಾಗ, 'ನಿಮ್ಮ ಅಕಾಡೆಮಿಯಲ್ಲಿ ಸ್ಟಾಫ್ ಎಷ್ಟು ಜನ?' ಅಂತ ಒಂದೇ ಪ್ರಶ್ನೆ ಹಾಕಿದರೆ ವಿಷನರಿಗೆ ಕಣ್ಣು ಕತ್ತಲೆ ಬರುತ್ತದೆ. ಸುಳ್ಳು ಬಿರುದಿನ ಕಷ್ಟ ಅದು. ನಿಜವಾಗಿ ಮಾಡಿದ ಕೆಲಸವನ್ನೂ ಅದು ಜೊತೆಗೆ ಮುಳುಗಿಸಿಕೊಂಡೇ ಹೋಗುವುದು.

ಈ ತಾಲ್ಲೂಕಿಗೆ ಬಿರುದಿನ ಬಡತನವೇನೂ ಬಂದಿಲ್ಲ, ಮಾಡಿದ ಕೆಲಸವನ್ನು ಹಾಗೇ ಹೇಳಿದರೆ ಸಾಕು. ಮೈಸೂರು ಮೆಡಿಕಲ್ ಕಾಲೇಜಿನ ಹುಡುಗರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಕಾಡಿನ ಹಾಡಿಗಳಿಗೆ ಬಂದದ್ದು ಸ್ವಯಂಸೇವೆ ಅಂತಲೇ. ಗಿರಿಜನ ಮಕ್ಕಳಿಗೆ ಅವರು ಪಾಠ ಶುರುಮಾಡಿದ್ದು ದನದ ಕೊಟ್ಟಿಗೆಯಲ್ಲಿ. ಆ ಗುಂಪು ಕಟ್ಟಿದ ಡಾ. ಆರ್. ಬಾಲಸುಬ್ರಹ್ಮಣ್ಯಂ 2021ರಲ್ಲಿ ಕೇಂದ್ರ ಸರ್ಕಾರದ ಸಾಮರ್ಥ್ಯವರ್ಧನಾ ಆಯೋಗದ ಸದಸ್ಯರಾದರು. ಅಲ್ಲಿ ಅವರ ವಿಭಾಗ ಯಾವುದಾಗಿತ್ತು ಗೊತ್ತೆ? ಮಾನವ ಸಂಪನ್ಮೂಲ, ಅಂದರೆ ಎಚ್.ಆರ್.! ಕೋಟೆ ಕಾಡಿನ ಸ್ವಯಂಸೇವೆಯನ್ನು ಎಚ್.ಆರ್.ನವರು ಒಪ್ಪುತ್ತಾರೋ ಇಲ್ಲವೋ ಅಂತ ಇನ್ನು ಯಾರೂ ಕೇಳಬೇಡಿ.

ಸಂಘದ ವಿಷಯವೂ ಹಾಗೇ. 1968ರಲ್ಲಿ ಟಿಬೆಟನ್ನರ ಪುನರ್ವಸತಿಗೆ ಅಂತ ಹುಟ್ಟಿದ ಮೈರಾಡ ಸಂಸ್ಥೆ ಆಮೇಲೆ ಇದೇ ಕೋಟೆ ತಾಲ್ಲೂಕಿನಲ್ಲಿ ಊರೂರಿಗೆ ಸಂಘ ಕಟ್ಟಿಸಿತು. 1987ರಲ್ಲಿ ನಬಾರ್ಡ್ ಅದಕ್ಕೆ ಹತ್ತು ಲಕ್ಷ ಕೊಟ್ಟು ಈ ಸಂಘಗಳನ್ನು ಬೆಳೆಸಿ ನೋಡಿ ಅಂದಿತು. 1992ರಲ್ಲಿ ಸಂಘಗಳಿಗೆ ಬ್ಯಾಂಕ್ ಸಾಲ ಕೊಡುವ ಪ್ರಯೋಗ ದೇಶದ ಮಟ್ಟದಲ್ಲಿ ಶುರುವಾಯಿತು. ಇವತ್ತು ದೇಶದ ಯಾವ ಮೂಲೆಗೆ ಹೋದರೂ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ಇದೆ. ಅದನ್ನು ಬರೆಯಲು ಮೊದಮೊದಲು ಕಲಿತವರಲ್ಲಿ ನಮ್ಮ ತಾಲ್ಲೂಕಿನ ಹೆಂಗಸರೂ ಇದ್ದರು. ಅವರ ಸಾಲಿನಲ್ಲಿ ಕೂತು ನಮ್ಮ ಹುಡುಗಿ 'ಸುಮ್ನೆ' ಅನ್ನುತ್ತಾಳೆ.

ಪಾಠದ ವಿಷಯಕ್ಕೆ ಬಂದರೆ ಇನ್ನೂ ಮಜಾ. ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ಮಕ್ಕಳು ಕಲಿಯುವ ನಲಿ-ಕಲಿ ಪದ್ಧತಿ ಹುಟ್ಟಿದ್ದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. 1995ರಲ್ಲಿ ಇಲ್ಲಿನ ಸರ್ಕಾರಿ ಶಾಲೆ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಹಳ್ಳಿಶಾಲೆ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಲ್ಲಿ ಕಾರ್ಡು, ಹಾಡು, ಕಲಿಕೆಯ ಏಣಿ ಎಲ್ಲವನ್ನೂ ತಾವೇ ಕೂತು ತಯಾರು ಮಾಡಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹೋಯಿತು. ಬೆಂಗಳೂರಿನ ಯಾವುದಾದರೂ ಸ್ಟಾರ್ಟಪ್ಪಿನವರು ಇಷ್ಟು ಮಾಡಿದ್ದರೆ ಲಿಂಕ್ಡ್‌ಇನ್ ತುಂಬ 'ಥ್ರಿಲ್ಡ್ ಟು ಅನೌನ್ಸ್' ಅಂತ ಮೂರು ವರ್ಷ ಕುಣಿಯುತ್ತಿದ್ದರು. ನಮ್ಮ ಮೇಷ್ಟ್ರುಗಳು ಮಾಡಿ ಮುಗಿಸಿ ಜನಗಣತಿ ಡ್ಯೂಟಿಗೆ ಹೋದರು.

ಅದೇ ಬೆಂಗಳೂರಿನಿಂದ ಎರಡು ವಾರಕ್ಕೆ ಅಂತ ಸ್ವಯಂಸೇವೆಗೆ ಬರುವ ಹುಡುಗ ಹುಡುಗಿಯರನ್ನು ನೋಡಿದ್ದೇನೆ. ಒಳ್ಳೆಯ ಮಕ್ಕಳೇ, ನಾನು ಬೈಯುತ್ತಿಲ್ಲ. ಹಾಡಿಗೆ ಹೋಗುತ್ತಾರೆ, ಸರ್ವೆ ಫಾರಂ ತುಂಬುತ್ತಾರೆ, ದಮ್ಮನಕಟ್ಟೆಯಲ್ಲಿ ಸಫಾರಿ ಹತ್ತಿ ಆನೆ ನೋಡುತ್ತಾರೆ. ವಾಪಸ್ ಬಸ್ಸು ಮೈಸೂರು ಮುಟ್ಟುವುದರೊಳಗೆ ಪ್ರೊಫೈಲಿನಲ್ಲಿ 'ಗ್ರಾಸ್‌ರೂಟ್ಸ್ ಲೀಡರ್‌ಶಿಪ್' ಅಂತ ಬಿದ್ದಿರುತ್ತದೆ, ಜೊತೆಗೆ ಆನೆ ಫೋಟೊ. ಆ ಸರ್ವೆಗೆ ಮನೆ ತೋರಿಸಿದವಳು, ಮಾತು ತಿಳಿಸಿ ಹೇಳಿದವಳು, ಮಧ್ಯಾಹ್ನ ಮುದ್ದೆ ಬಡಿಸಿದವಳು ಮಾತ್ರ ಸುಮ್ನೆ ಮನೇಲವ್ಳೆ. ತುಂಬಿದ ಕೊಡ ತುಳುಕುವುದಿಲ್ಲ ಅಂತ ಹಿರಿಯರು ಹೇಳಿದರು, ಸರಿ. ಆದರೆ ಹಿರಿಯರ ಕಾಲದಲ್ಲಿ ಕೊಡವನ್ನು ಹತ್ತಿರ ಬಂದು ಇಣುಕಿ ನೋಡುವವರಿದ್ದರು. ಬೆಂಗಳೂರಿನಲ್ಲಿ ಕೂತು ದಿನಕ್ಕೆ ಇನ್ನೂರು ಕೊಡ ನೋಡುವ ಎಚ್.ಆರ್. ಹುಡುಗಿಗೆ ತುಳುಕದಿದ್ದರೆ ತುಂಬಿದೆ ಅಂತ ಹೇಗೆ ಗೊತ್ತಾಗಬೇಕು?

ನಮ್ಮ ಹೆಣ್ಣುಮಕ್ಕಳಿಗೆ ಈ 'ಸುಮ್ನೆ' ಎಲ್ಲಿಂದ ಬಂತು ಅಂತಲೂ ಯೋಚಿಸಿದೆ. ಸರ್ಕಾರವೇ ಕಲಿಸಿದೆ. 2001ರ ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ಸೇರಿಸಿ ದುಡಿಯದವರ ಲೆಕ್ಕಕ್ಕೆ ಹಾಕಿದ್ದರು. 2010ರಲ್ಲಿ ಅರುಣ್ ಕುಮಾರ್ ಅಗರವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಇದನ್ನು ಎತ್ತಿ ಆಡಿತು. ಮನೆಗೆಲಸಕ್ಕೆ ಬೆಲೆ ಕಟ್ಟುವ ಕಷ್ಟವನ್ನು ಈ ದೇಶದಲ್ಲಿ ಕೋರ್ಟುಗಳು ಪಟ್ಟಿವೆ, ಆದರೆ ಹೆಚ್ಚಾಗಿ ಅವಳು ಅಪಘಾತದಲ್ಲಿ ಸತ್ತ ಮೇಲೆ, ಪರಿಹಾರದ ಲೆಕ್ಕಕ್ಕೆ. 2001ರ ಲತಾ ವಾಧ್ವಾ ಪ್ರಕರಣದಲ್ಲಿ ತಿಂಗಳಿಗೆ 3,000 ರೂಪಾಯಿ ಅಂತ ಹಿಡಿದರು. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲೂ ಆದ ಗೃಹಲಕ್ಷ್ಮಿಯಲ್ಲಿ ತಿಂಗಳಿಗೆ 2,000. ಅದು ಸಂಬಳವಲ್ಲ, ನೆರವು, ಒಪ್ಪಿದೆ. ಕೋರ್ಟಿನ ಲೆಕ್ಕವೂ ಆಮೇಲಾಮೇಲೆ ಏರಿದೆ, ಅದನ್ನೂ ಒಪ್ಪಿದೆ. ಆದರೂ ಬದುಕಿದ್ದರೆ ಎರಡು ಸಾವಿರ, ಸತ್ತರೆ ಮೂರು ಸಾವಿರ ಅನ್ನುವುದನ್ನು ಕೇಳಿ ನಮ್ಮ ಬೀಗಿತ್ತಿ, 'ಸತ್ರೆ ಲಾಭ ಐತೆ ಅನ್ನು' ಅಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಸರ್ಕಾರಕ್ಕಿಂತ ಲಿಂಕ್ಡ್‌ಇನ್ನೇ ಕೊಂಚ ಬೇಗ ದಾರಿಗೆ ಬಂತು ಅನ್ನಬೇಕು. 2003ರಲ್ಲಿ ಶುರುವಾದ ತಾಣ ಅದು. ಸ್ವಯಂಸೇವೆಗೆ ಅಂತ ಬೇರೆ ಕಾಲಂ ಕೊಟ್ಟದ್ದು 2011ರಲ್ಲಿ. ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವ ತಾಯಿ, ತಂದೆ ಅಂತ ಹುದ್ದೆ ಹಾಕಿಕೊಳ್ಳಲು ಬಿಟ್ಟದ್ದು 2021ರಲ್ಲಿ. 2022ರಲ್ಲಿ 'ಕೆರಿಯರ್ ಬ್ರೇಕ್' ಅಂತ ಒಂದು ಜಾಗ ಮಾಡಿ, ಮಕ್ಕಳ ಪಾಲನೆ, ಮನೆಯವರ ಆರೈಕೆ, ಸ್ವಯಂಸೇವೆ ಹೀಗೆ ಕಾರಣ ಆರಿಸಿಕೊಳ್ಳಿ ಅಂದಿತು. ಕಾಲಂ ಬಂತು. ತುಂಬುವ ಧೈರ್ಯ ಬರಬೇಕು.

ಮಕ್ಕಳನ್ನು ಮನೆಯಲ್ಲೇ ಓದಿಸಿದವರ ಕಥೆಯೂ ಅದೇ. ಹೋಮ್‌ಸ್ಕೂಲಿಂಗ್ ಅಂದರೆ ನಮ್ಮವರಿಗೆ ಅಮೆರಿಕಾದ ಕಾಯಿಲೆ ಅನ್ನಿಸುತ್ತದೆ. ಕುವೆಂಪು ತೀರ್ಥಹಳ್ಳಿ ಶಾಲೆಗೆ ಸೇರುವ ಮೊದಲು ಮನೆಯಲ್ಲೇ, ದಕ್ಷಿಣ ಕನ್ನಡದಿಂದ ಕರೆಸಿದ ಐಗಳ ಹತ್ತಿರ ಅಕ್ಷರ ಕಲಿತವರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದರು. ಅವರ ಪ್ರೊಫೈಲಿನ ಶಿಕ್ಷಣದ ಕಾಲಂನಲ್ಲಿ 'ಕುಪ್ಪಳಿ ಮನೆ' ಅಂತ ಮೊದಲ ಸಾಲು ಬಿದ್ದಿದ್ದರೆ ಯಾವ ಎಚ್.ಆರ್. ಏನು ಹೇಳುತ್ತಿದ್ದರೋ! ಈಗಲೂ ಬೆಂಗಳೂರು, ಮೈಸೂರಿನಲ್ಲಿ ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವವರಿದ್ದಾರೆ. ಹದಿನಾಲ್ಕು ತುಂಬಿದ ಮಗು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು.

ಹೀಗೆ ಓದಿಸಿದ ತಾಯಂದಿರ ಪ್ರೊಫೈಲಿನಲ್ಲೂ ಎರಡು ಜಾತಿ. ಒಬ್ಬರು ಆರು ವರ್ಷವನ್ನು ಗುಳುಂ ಮಾಡಿ ಖಾಲಿ ಬಿಡುತ್ತಾರೆ. ಇನ್ನೊಬ್ಬರು 'ಚೀಫ್ ಲರ್ನಿಂಗ್ ಆಫೀಸರ್, ನಮ್ಮ ಮನೆ' ಅಂತ ಹಾಕಿ, ಕೆಳಗೆ ಮಗುವಿನ ಫೋಟೊ, ಮಾರ್ಕ್ಸ್ ಕಾರ್ಡು, ಮಗು ಕೀಬೋರ್ಡ್ ನುಡಿಸಿದ ವಿಡಿಯೊ ಎಲ್ಲ ಏರಿಸುತ್ತಾರೆ. ತಾಯೀ, ಕೆಲಸ ಬೇಕಾಗಿರುವುದು ನಿಮಗೆ. ಮಗುವನ್ನು ಯಾಕೆ ಇಂಟರ್‌ವ್ಯೂಗೆ ಕಳಿಸುತ್ತೀರಿ? ಮಗುವಿನ ಹೆಸರು, ಫೋಟೊ ಬೇಡವೇ ಬೇಡ. ನೀವು ಏನು ಯೋಜನೆ ಹಾಕಿದಿರಿ, ಯಾವ ವಿಷಯ ಹೇಳಿಕೊಟ್ಟಿರಿ, ಕಲಿತಿದೆ ಅಂತ ಹೇಗೆ ತಿಳಿದುಕೊಂಡಿರಿ, ಕಲಿಯದಿದ್ದಾಗ ಏನು ಬದಲಾಯಿಸಿದಿರಿ ಅನ್ನುವ ನಾಲ್ಕು ಸಾಲು ಸಾಕು.

ಕೊನೆಗೆ ಆ ಭಾನುವಾರ ವಿಷನರಿಯನ್ನು ಅಳಿಸಿ, ಮೂವರೂ ಕೂತು ಮತ್ತೆ ಬರೆದೆವು. ಮೇಲಿನ ಸಾಲಿಗೆ 220 ಅಕ್ಷರದ ಮಿತಿ, ಕೆಳಗಿನ ಪರಿಚಯಕ್ಕೆ 2,600. ಬೀಗಿತ್ತಿಗೆ ಓದಿ ಹೇಳಿದರೆ 'ಹೂಂ, ಇವ್ಳೇಯ' ಅನ್ನಬೇಕು, ಅದೇ ಪರೀಕ್ಷೆ ಅಂತ ಗೊತ್ತುಮಾಡಿಕೊಂಡೆವು. 'ಲೆಕ್ಕ ಬರಹಗಾರ್ತಿ, ಸ್ವಯಂಸೇವೆ, ಮಹಿಳಾ ಸ್ವಸಹಾಯ ಸಂಘ, ಅಂತರಸಂತೆ. ಹದಿನೈದು ಸದಸ್ಯರ ವಾರದ ಉಳಿತಾಯ, ಸಾಲ, ಬಡ್ಡಿ, ದಂಡದ ಲೆಕ್ಕ. ನಗದು ಪುಸ್ತಕ, ಲೆಡ್ಜರ್, ಠರಾವು ಪುಸ್ತಕದ ನಿರ್ವಹಣೆ. ಬ್ಯಾಂಕ್ ಪಾಸ್‌ಬುಕ್ಕಿಗೆ ತಾಳೆ. ಆಡಿಟ್ಟಿಗೆ ದಾಖಲೆ ಒದಗಿಸುವುದು.' ಅಷ್ಟೇ. ಇದರಲ್ಲಿ ಒಂದೂ ದೊಡ್ಡ ಮಾತಿಲ್ಲ. ಆದರೆ ಲೆಕ್ಕದವರನ್ನು ಹುಡುಕುವವರು ಲೆಡ್ಜರ್, ಆಡಿಟ್ ಅಂತಲೇ ಹುಡುಕುತ್ತಾರೆ. ವಿಷನರಿ ಬೇಕು ಅಂತ ಯಾವ ರೆಸಾರ್ಟಿನವರೂ ಹುಡುಕುವುದಿಲ್ಲ.

'ಸಂಬಳ ಇಲ್ದಿರೋದನ್ನ ಅನುಭವ ಅಂತ ಹಾಕಬೌದಾ?' ಅಂತ ಅವಳಿಗೆ ಅಳುಕು. ಧಾರಾಳವಾಗಿ ಹಾಕಬಹುದು. ಪಕ್ಕದಲ್ಲಿ ಸ್ವಯಂಸೇವೆ ಅಂತ ಇರಬೇಕು, ಮುಚ್ಚಿಡಬಾರದು. ಬೇರೆ ಕೊಟ್ಟಿರುವ ಸ್ವಯಂಸೇವೆಯ ಕಾಲಂ ಪ್ರೊಫೈಲಿನ ತಳದಲ್ಲಿರುತ್ತದೆ, ಅಲ್ಲಿಯವರೆಗೆ ಇಳಿದು ಓದುವ ಪುಣ್ಯಾತ್ಮರು ಕಡಿಮೆ. ಆದ್ದರಿಂದ ಕೇಳಿರುವ ಕೆಲಸಕ್ಕೆ ಹೊಂದುವ ಲೆಕ್ಕದ ಪುಸ್ತಕ ಮೇಲಕ್ಕೆ, ಪೋಲಿಯೊ ಭಾನುವಾರ ಕೆಳಕ್ಕೆ. ಜಗಲಿ ಪಾಠಕ್ಕೆ ಹೀಗೆ ಬರೆದೆವು: 'ಕೊರೊನಾ ಅವಧಿ, 2020-21. ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಿಗೆ ಮನೆಪಾಠ, ಉಚಿತ. ಕನ್ನಡ ಓದು ಬರಹ, ಕೂಡು ಕಳೆ ಗುಣಿಸು. ನಲಿ-ಕಲಿ ಕಾರ್ಡು ಮತ್ತು ಹುಣಸೆಬೀಜ ಬಳಕೆ.' ಹುಣಸೆಬೀಜ ಬೇಡ, ಮರ್ಯಾದೆ ಹೋಗುತ್ತೆ ಅಂದ ತಮ್ಮ. ಇರಲಿ ಅಂದೆ ನಾನು. ಇಂಟರ್‌ವ್ಯೂನಲ್ಲಿ ಎದುರಿಗೆ ಕೂತವರು ಬಾಕಿ ಎಲ್ಲ ಮರೆತರೂ ಅದೊಂದನ್ನು ಕೇಳೇ ಕೇಳುತ್ತಾರೆ, ಇವಳು ಅದರ ಬಗ್ಗೆ ಒಂದು ಗಂಟೆ ಬೇಕಾದರೂ ಮಾತಾಡುತ್ತಾಳೆ. ಪಾಠ ಅಂದಾಗ ನಾಚಿಕೊಂಡವಳು, ಬೀಜ ಜೋಡಿಸಿ ದಶಕ ಬಿಡಿ ಹೇಳಿಕೊಟ್ಟದ್ದನ್ನು ನಮಗೇ ಹಾಸಿ ತೋರಿಸಿದಳಲ್ಲ!

ಇನ್ನು ಶಿಫಾರಸು. ಬಲ್ಲವರು ನಿಮ್ಮ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನುತ್ತದೆ ಲಿಂಕ್ಡ್‌ಇನ್. ಸಂಘದ ಹೆಂಗಸರು ಇವಳ ಪರವಾಗಿ ಕೋರ್ಟಿಗೆ ಬೇಕಾದರೂ ಬಂದು ಸಾಕ್ಷಿ ಹೇಳುತ್ತಾರೆ, ಲಿಂಕ್ಡ್‌ಇನ್‌ಗೆ ಬರುವುದಿಲ್ಲ. ಅದಕ್ಕೆ ಸಂಘದ ಖಾತೆ ಬಲ್ಲ ಬ್ಯಾಂಕ್ ಮ್ಯಾನೇಜರ್, ಶಾಲೆಯ ಹೆಡ್‌ಮಾಸ್ಟರ್ ಹಿಡಿಯಬೇಕು. 'ಅವ್ರನ್ನ ಹೆಂಗೆ ಕೇಳದು ಮಾವ, ನಾಚ್ಕೆ ಆಯ್ತದೆ' ಅಂದಳು. ಸಾಲ ವಾಪಸ್ ಕಟ್ಟದವರ ಬಾಗಿಲಿಗೆ ಹೋಗಿ ಕೂತು ವಸೂಲಿ ಮಾಡಿಕೊಂಡು ಬರುವವಳಿಗೆ ಎರಡು ಸಾಲು ಕೇಳೋಕೆ ನಾಚಿಕೆ!

ಅಷ್ಟರಲ್ಲಿ ನಮ್ಮ ಅಳಿಯ ತೋಟದಿಂದ ಬಂದರು. ಇಷ್ಟು ಹೊತ್ತು ನಡೆದದ್ದನ್ನೆಲ್ಲ ಕೇಳಿ, 'ನಂದೂ ಒಂದ್ ಮಾಡಯ್ಯ' ಅಂತ ಬಾಮೈದುನನ ಪಕ್ಕ ಕೂತರು. ಫೋಟೊ ಆಯಿತು, ಕನ್ನಡಕ ಹಾಕಿಕೊಂಡದ್ದು. ಮನೆ ನಿಭಾಯಿಸಿದ ಅನುಭವ ಬಂದಾಗ ನಾನು ಸುಮ್ಮನೆ ಇರಲಾರದೆ 2024ರ ಸಮಯ ಬಳಕೆ ಸಮೀಕ್ಷೆ ತೆಗೆದೆ. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕುವ ಹೆಂಗಸರು ಅದರಲ್ಲಿ ದಿನಕ್ಕೆ 289 ನಿಮಿಷ ಕಳೆಯುತ್ತಾರೆ, ಗಂಡಸರು 88. 'ಎಂಬತ್ತೆಂಟಾ?' ಅಂತ ಬೀಗಿತ್ತಿ ಮಗನ ಕಡೆ ತಿರುಗಿ ಮೇಲಿಂದ ಕೆಳಗೆ ನೋಡಿದರು. 'ಯಾವೂರ್ ಗಂಡಸ್ರನ್ನ ಕೇಳಿದ್ರಂತೆ?'

ಅಳಿಯ ಮಾತು ತೇಲಿಸಿ, 'ಅದು ಬುಡಿ, ಸ್ವಯಂಸೇವೆ ಹಾಕು. ಗಣೇಶನ ಕಮಿಟಿ ಖಜಾಂಚಿ' ಅಂದರು. ಬಾಮೈದುನ ಟೈಪ್ ಮಾಡಿದ. ಸಾಧನೆ ಅನ್ನುವ ಜಾಗಕ್ಕೆ ಬಂದು ಕೇಳಿದ, 'ಭಾವ, ಹೋದ್ ವರ್ಷದ ಲೆಕ್ಕ ಕೊಟ್ರಾ?'

ಅಳಿಯನಿಗೆ ತೋಟದಲ್ಲಿ ಮೋಟರ್ ಆಫ್ ಮಾಡದೆ ಬಂದದ್ದು ತಟಕ್ಕನೆ ನೆನಪಾಯಿತು. ಎದ್ದು ಹೊರಟವರಿಗೆ ಹೆಂಡತಿ ಒಳಗಿನಿಂದಲೇ ಕೂಗಿ ಹೇಳಿದಳು, 'ರಸೀದಿ ಎಲ್ಲಾ ತಂದ್ಕೊಡಿ, ನಾನ್ ಬರ್ಕೊಡ್ತೀನಿ. ಹೆಂಗೂ ಸುಮ್ನೆ ಮನೇಲಿವ್ನಲ್ಲ.'